ಎಂಟು ಸ್ಟೇಷನ್, ಎಂಟು ಮೂಳೆ

ತಾಳಗುಪ್ಪದಲ್ಲಿ ರೈಲು ಹತ್ತುವಾಗ ಇನ್ನೂ ಕತ್ತಲೆ.
ಕಿಟಕಿ ಪಕ್ಕ ಕೂತು
ಬಲಗೈ ಹೆಬ್ಬೆರಳಿಂದ ಎಡಗೈ ಮಣಿಕಟ್ಟು ಒತ್ತುತ್ತೇನೆ.
ಇಲ್ಲಿ ಎಂಟು ಮೂಳೆ ಇವೆಯಂತೆ,
ಒಂದೊಂದೂ ಹುಣಸೆ ಬೀಜದ ಹಾಗೆ.
ಮೂವತ್ತಮೂರು ವರ್ಷ ಇದೇ ಕೈಯಲ್ಲಿ ನೀರು ಸೇದಿದೆ,
ರೊಟ್ಟಿ ತಟ್ಟಿದೆ, ಒಮ್ಮೆ ಮಗಳ ಕೆನ್ನೆಗೂ ಹೊಡೆದೆ.
ಒಂದರ ಹೆಸರೂ ಗೊತ್ತಿರಲಿಲ್ಲ.

ಬಾಯಿಪಾಠಕ್ಕೆ ನಾನೇ ಕಂಡುಕೊಂಡ ದಾರಿ:
ತಾಳಗುಪ್ಪ, ಸ್ಕೇಫಾಯ್ಡ್.
ಸಾಗರ, ಲ್ಯೂನೇಟ್.
ಅಡ್ಡೇರಿ, ಟ್ರೈಕ್ವೆಟ್ರಲ್. ನಾಲಿಗೆ ತೊಡರುತ್ತದೆ,
ಬಿಡಿಸಿಕೊಳ್ಳುವಷ್ಟರಲ್ಲಿ ರೈಲು ಮುಂದೆ.
ಆನಂದಪುರ, ಪಿಸಿಫಾರ್ಮ್, ಬಟಾಣಿ ಕಾಳಿನಷ್ಟು;
ಕಡಲೆ ಮಾರುವವನು ಅಲ್ಲೇ ಹತ್ತುತ್ತಾನಾದ್ದರಿಂದ ಮರೆಯುವುದಿಲ್ಲ.
ಅರಸಾಳು, ಕುಂಸಿ: ಟ್ರೆಪೀಜಿಯಂ, ಟ್ರೆಪಿಜಾಯ್ಡ್,
ಅಕ್ಕ ತಂಗಿ, ಯಾರು ಯಾರೆಂದು ಇನ್ನೂ ಗೊಂದಲ.
ಕೋಣಗವಳ್ಳಿ ಬರುವಾಗ ದಿನವೂ ತೂಕಡಿಕೆ.
ಎಲ್ಲಕ್ಕಿಂತ ದೊಡ್ಡ ಮೂಳೆ ಕ್ಯಾಪಿಟೇಟ್
ನನ್ನ ಲೆಕ್ಕದಿಂದ ಬಿದ್ದುಹೋಗುವುದು ಹೀಗೆ.
ಶಿವಮೊಗ್ಗ, ಹ್ಯಾಮೇಟ್, ಕೊಕ್ಕೆ ಇರುವುದು.
ಇಳಿಯಬೇಕು.

ಕ್ಲಾಸಿನಲ್ಲಿ ಹುಡುಗಿಯರಿಗೆ ನಾನು ಆಂಟಿ.
ಅದು ಪರವಾಗಿಲ್ಲ.
ಟ್ಯೂಟರ್ ಮೇಡಂ, ಇಪ್ಪತ್ತಾರರ ಹುಡುಗಿ,
ಎಲ್ಲರನ್ನೂ ಏನೇ, ಬಾರೇ ಅಂದು
ನನ್ನ ಸರದಿಗೆ ‘ಲೋಲಾಕ್ಷಿಯವರೇ’ ಅನ್ನುತ್ತಾರೆ.
ಆ ‘ಅವರೇ’ ದಿನಾ ನನ್ನನ್ನು
ಒಂದು ಬೆಂಚು ಹಿಂದಕ್ಕೆ ತಳ್ಳುತ್ತದೆ.

ಯೂನಿಫಾರ್ಮ್ ಹೊಲಿಸಿ ತಂದ ದಿನ
ಅತ್ತೆ ಜಗಲಿಯಲ್ಲೇ ತಡೆದು ನಿಲ್ಲಿಸಿದರು:
‘ಗಂಡ ಬದುಕಿದ್ದಾಂಗೇ ಬಿಳಿ ಉಡ್ತ್ಯನೆ?’
ಗಂಡ ಹೂವಪ್ಪ ಏನೂ ಹೇಳಲಿಲ್ಲ.
ರಾತ್ರಿ ಸ್ಟೂಲು ಹತ್ತಿ
ಒಲೆಯ ಮೇಲಿನ ಮಂಕು ಬಲ್ಬು ತೆಗೆದು
ದೊಡ್ಡದು ಹಾಕಿದ.

ಬಿಳಿ ನನಗೆ ಹೊಸತೇ, ಅತ್ತೆ?
ಆರು ಬೇಸಿಗೆ ಕಾಡಿನಲ್ಲಿ
ಬಿಳಿ ಫ್ಲಾನೆಲ್ ಬಟ್ಟೆ ಕೋಲಿಗೆ ಕಟ್ಟಿ
ದರಗಿನ ಮೇಲೆ ಎಳೆದವಳು ನಾನು, ದಿನಗೂಲಿಗೆ.
ಮೈಗೆ ಎಣ್ಣೆ, ಕಾಲಿಗೆ ಮೊಣಕಾಲುದ್ದ ಬೂಟು.
ಮಂಗ ಸತ್ತ ಜಾಗ ಅಂದರೆ ಮೊದಲು ಅಲ್ಲಿಗೆ.
ಹತ್ತು ಹೆಜ್ಜೆಗೊಮ್ಮೆ ಬಟ್ಟೆ ಮಗುಚಿ
ಅಂಟಿದ ಉಣುಗನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ.
ಎಳ್ಳಿಗಿಂತ ಸಣ್ಣವು,
ಉಸಿರು ತಾಗಿದರೆ ಕಾಲಾಡಿಸುತ್ತವೆ.
ಸೀಸೆಗೆ ಚೀಟಿ: ಊರು, ತಾರೀಕು.
ಜೀಪು ಅದನ್ನು ಶಿವಮೊಗ್ಗಕ್ಕೆ ಒಯ್ಯುತ್ತಿತ್ತು.
ಧೂಳು ಇಳಿಯುವ ತನಕ ನಾನು ರಸ್ತೆಯಲ್ಲಿ.

ಆಮೇಲೆ ಏನಾಯಿತೆಂದು
ಯಾರೂ ತಿರುಗಿ ಬಂದು ಹೇಳಲಿಲ್ಲ.
ಪಕ್ಕದ ಮನೆಯ ಕನ್ನಮ್ಮ ಜ್ವರದಲ್ಲಿ ಹೋದಾಗಲೂ.

ಕರುಣೆ, ಸೇವೆ ಅಂತೆಲ್ಲ ಬರೆದರು
ಇಂಟರ್ವ್ಯೂ ಫಾರ್ಮಿನಲ್ಲಿ ಉಳಿದವರು.
ನಾನೂ ಹಾಗೇ ಬರೆದೆ, ಪಕ್ಕದವಳದ್ದು ನೋಡಿ.
ನಿಜ ಹೇಳಿದರೆ ಹಟ ಅದು:
ಆ ಸೀಸೆ ಎಲ್ಲಿಗೆ ಹೋಯಿತೆಂದು ನೋಡಬೇಕಿತ್ತು.
ಅದಕ್ಕೇ ಮೂವತ್ತರಲ್ಲಿ ಪಿಯುಸಿಗೆ ಕಟ್ಟಿದೆ,
ಇಂಗ್ಲಿಷಿನಲ್ಲಿ ಒಮ್ಮೆ ಬಿದ್ದೆ,
ಮಗಳ ನೋಟ್ಸಿನಲ್ಲಿ ಎದ್ದೆ.

ನಿನ್ನೆ ಜ್ವರದ ವಾರ್ಡು, ಹನ್ನೊಂದನೇ ಬೆಡ್ಡು.
ಹೊಸನಗರದ ಕಡೆಯ ಮನುಷ್ಯ, ಕಣ್ಣು ಕೆಂಡ.
ಜೊತೆಯ ಹುಡುಗಿ ಚಾರ್ಟಿನಲ್ಲಿ ಜ್ವರ ಬರೆಯುತ್ತಿದ್ದಳು.
ನನ್ನ ಕೈ ತಾನಾಗಿ ಹೋಯಿತು:
ಕಿವಿಯ ಹಿಂದೆ, ಮೊಣಕಾಲ ಮಡಿಕೆ,
ಉಡಿದಾರದ ಕೆಳಗೆ.
ಅವನು ನಾಚಿ ಹೊದಿಕೆ ಎಳೆದುಕೊಂಡ.
‘ದರಗು ತರೋಕೆ ಹೋಗಿದ್ರಾ?’
‘ನಿಮಗೆ ಹೆಂಗೆ ಗೊತ್ತಾತು?’
ಉಣುಗು ಸಿಗಲಿಲ್ಲ. ಕಚ್ಚಿದ ಕೆಂಪು ಒಂದಿತ್ತು,
ಸೊಳ್ಳೆಯದೂ ಇರಬಹುದು.
ಡಾಕ್ಟರಿಗೆ ಅಷ್ಟನ್ನೇ ಹೇಳಿದೆ, ಹೆಚ್ಚು ಹೇಳಲಿಲ್ಲ.

ರಕ್ತ ತೆಗೆದದ್ದು ಸೀನಿಯರ್ ಸಿಸ್ಟರ್.
ಚೀಟಿ ಬರೆದದ್ದು ನಾನು: ಹೆಸರು, ಊರು, ತಾರೀಕು.
ಅಕ್ಷರ ಯಾಕೋ ಕಾಡಿನಲ್ಲಿ ಬರೆದ ಹಾಗೇ
ಒತ್ತೊತ್ತಾಗಿ ಬಂತು.
‘ಅಟೆಂಡರ್ ಒಯ್ತಾನೆ ಬಿಡಿ’ ಅಂದರು.
ಬಿಡಲಿಲ್ಲ.
ಮೆಟ್ಟಿಲು ಇಳಿದು, ಉದ್ದದ ವರಾಂಡ ದಾಟಿ,
ಸೀಸೆಯ ಹಿಂದೆಯೇ ನಡೆದೆ, ಕೈಯಲ್ಲಿ ಹಿಡಿದುಕೊಂಡೇ.

‘ರಿಸಲ್ಟಿಗೆ ನಾಳೆ ಬನ್ನಿ ಆಂಟಿ’
ಅಂದ ಕಿಟಕಿಯ ಹುಡುಗ.

ಬರುತ್ತೇನೆ. ಮೊದಲ ರೈಲಿಗೇ.
ಕೋಣಗವಳ್ಳಿಯಲ್ಲಿ
ಎಚ್ಚರವಿರಬೇಕು.