ಒಂದು ದಿನದ ಪರ್ಮಿಟ್

ಮಧ್ಯಾಹ್ನ ಮೂರು. ಶಟರ್ ಅರ್ಧ ಇಳಿಸಿದ್ದೇವೆ.
ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲೆತ್ತಿ ಮಲಗಿವೆ.
ಲೋವರ್ ಪರೇಲಿನಲ್ಲಿ ಗಿರಣಿ ಚಿಮಣಿಯ ನೆರಳು
ಈಗ ಬೀಳುವುದಿಲ್ಲ; ಎದುರಿನ ಗಾಜಿನ ಟವರಿನ ಬೆಳಕು
ಫಿನಾಯಿಲ್ ಆರದ ನೆಲದ ಮೇಲೆ ಬೀಳುತ್ತದೆ.

ಹುಡುಗನ ಹೆಸರು ಆಗ್ನೆಲ್. ಮಡಗಾಂವಿನವನು.
ಥರ್ಮಾಕೋಲ್ ಪೆಟ್ಟಿಗೆಯಿಂದ ಬಾಟಲಿ ತೆಗೆತೆಗೆದು
ಕೇರಂ ಆಡುವವನ ಹಾಗೆ ಒಂದು ಕಣ್ಣು ಮುಚ್ಚಿ ಸಾಲಿಗಿಟ್ಟ.
"ಆಂಟಿ, ಟವರಿನವರು ಇನ್ನು ಇದನ್ನೇ ಕೇಳೋದು.
ನೀವೇ ರುಚಿ ನೋಡಿ ಆರಿಸಿ."

ರುಚಿ ನೋಡುವುದೆ?
ಇಪ್ಪತ್ತಾರು ವರ್ಷ ಈ ಗಲ್ಲಾದಲ್ಲಿ ಕೂತಿದ್ದೇನೆ,
ಅವರು ಹೋದ ಮೇಲೆ ಒಬ್ಬಳೇ ಹನ್ನೊಂದು.
ಕ್ವಾರ್ಟರು, ನಿಪ್ಪು, ಸೋಡಾ, ಬೇಯಿಸಿದ ಕಡಲೆ:
ಬೆರಳಿಗೆ ಎಲ್ಲ ಗೊತ್ತು, ನಾಲಗೆಗೆ ಗೊತ್ತಿಲ್ಲ.
ಮೋನಪ್ಪ ನಕ್ಕ. ಡ್ರಾಯರಿನ ಹಳೆಯ ಪುಸ್ತಕಕ್ಕೆ
ಕಾರ್ಬನ್ ಸಿಕ್ಕಿಸಿ ಒಂದು ದಿನದ ಪರ್ಮಿಟ್ ಬರೆದ.
ಹೆಸರು ಜಲಜಾ. ವಯಸ್ಸು? ಬರಿ, ಐವತ್ತೆಂಟು.
ಪರ್ಮಿಟ್ ರೂಮಿನ ಒಡತಿಗೆ
ಇವತ್ತು ಮೊದಲ ಪರ್ಮಿಟ್.

ಫ್ರಾನ್ಸಿನದ್ದು ಮೊದಲು. ಗ್ಲಾಸಿನೊಳಗೆ ಮೂಗಿಡಬೇಕಂತೆ,
ಬಾಯಲ್ಲಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳಬೇಕಂತೆ.
"ಒದ್ದೆ ಕಲ್ಲಿನ ವಾಸನೆ ಬರ್ತದಾ?"
ಬಂತು. ಆದರೆ ಅವನು ಹೇಳಿದ ಹೊಳೆಯ ಕಲ್ಲಲ್ಲ;
ದೋಸೆಗೆ ಅರೆದು ಮುಗಿಸಿ, ಮೂರನೇ ಸಲ ನೀರು ಹೊಯ್ದ
ಅಮ್ಮನ ಕಡೆಯುವ ಕಲ್ಲು.

ಚಿಲಿಯದ್ದಕ್ಕೆ ಅವನ ಕಾಗದದಲ್ಲಿ
ಕಪ್ಪಗಿನ ಏನೋ ಹಣ್ಣು, ತೊಗಲು, ಸಿಗಾರಿನ ಡಬ್ಬಿ.
ನನಗೆ ನೇರಳೆ. ಯೂನಿಫಾರ್ಮಿಗೆ ಕಲೆ ಮಾಡಿಕೊಂಡು
ಪೆಟ್ಟು ತಿಂದ ನೇರಳೆ. ಉಗುಳಿದೆ.
ಇಟಲಿಯದ್ದು, ಪುನರ್ಪುಳಿ ಸಾರಿಗೆ ಬೆಲ್ಲ ಮರೆತ ಹಾಗೆ.
ಉಗುಳಿದೆ.
ನಾಸಿಕದ್ದು ಪಾಪ, ಮನೆಯ ಹುಡುಗಿ, ನೆಂಟರೆದುರು ನಾಚುತ್ತಿತ್ತು;
ಟಿಕ್ ಹಾಕಿ ಉಗುಳಿದೆ.
ಜರ್ಮನಿಯದ್ದಕ್ಕೆ ಸೀಮೆಎಣ್ಣೆಯ ವಾಸನೆ.
ಅದೇ ಅದರ ಹೆಚ್ಚುಗಾರಿಕೆ ಎಂದ ಆಗ್ನೆಲ್.
ಮಗಾ, ರೇಶನ್ ಕ್ಯೂನಲ್ಲಿ ನಿಂತವಳಿಗೆ ಅದನ್ನು ಮಾರಬೇಡ.

ಕೊನೆಗೆ ನೀಲಿ ಬಾಟಲಿ. ಜಪಾನು.
"ಸಾಕೆ," ಎಂದ.
ಇನ್ನೂ ಸುರಿಯಲೇ ಇಲ್ಲ, ಆಗಲೇ ಕೇಳ್ತೀಯಲ್ಲೋ!
ಮೋನಪ್ಪ ಮತ್ತೆ ನಕ್ಕ; ಹುಡುಗನಿಗೆ ತಿಳಿಯಲಿಲ್ಲ.
ಅಕ್ಕಿಯದ್ದಂತೆ. ಒಂದೊಂದು ಕಾಳನ್ನೂ
ಅರ್ಧಕ್ಕರ್ಧ ಸವೆಸಿ ನಡುವಿನ ಬಿಳಿಯನ್ನಷ್ಟೇ ಇಡುತ್ತಾರಂತೆ.
"ಉಳಿದ ತೌಡು ಯಾರಿಗೆ?"
ಅವನ ಕಾಗದದಲ್ಲಿ ಅದು ಇರಲಿಲ್ಲ.

ಬಾಯಿಗೆ ಹಾಕಿಕೊಂಡೆ.
ಕಲ್ಲಂಗಡಿಯ ಸಿಪ್ಪೆಗಂಟಿದ ಬಿಳಿಯ ತಂಪು ಮೊದಲು,
ಆಮೇಲೆ ಮುಚ್ಚಳ ಸರಿಸಿದ ಹಬೆ.
ಕುಚ್ಚಲಕ್ಕಿಯದ್ದಲ್ಲ, ಬೆಳ್ತಿಗೆಯದ್ದು, ಹಬ್ಬದ ದಿನದ್ದು.
ಆಗ್ನೆಲ್ ಬಕೆಟ್ಟು ಮುಂದೆ ತಳ್ಳಿದ.
ಬಾಯಿ ಬಿಡಲಾಗಲಿಲ್ಲ.
ಎಲೆಯಲ್ಲಿ ಅಗುಳು ಬಿಟ್ಟರೆ ಮುಂದಿನ ಜನ್ಮ ಇರುವೆ
ಎಂದು ಹೆದರಿಸಿ ಬೆಳೆಸಿದ ಬಾಯಿ ಇದು.
ದ್ರಾಕ್ಷಿಯನ್ನು ಉಗುಳಬಹುದು; ಅದು ನಮ್ಮ ಮನೆಗೆ
ಜ್ವರ ಬಂದಾಗ ಮಾತ್ರ ನೂರು ಗ್ರಾಂ ಬರುತ್ತಿದ್ದ ನೆಂಟ.
ಅಕ್ಕಿಯನ್ನು?
ನುಂಗಿದೆ.
ಕಿವಿ ಬಿಸಿಯಾಯಿತು. ಮೋನಪ್ಪ ದೇವರ ಪಟ ನೋಡಿದ,
ಆಮೇಲೆ ಅವರ ಪಟ, ಆಮೇಲೆ ಫ್ಯಾನು.

ದರಪಟ್ಟಿ ನೋಡಿ ಕಿವಿ ತಣ್ಣಗಾಯಿತು.
ಒಂದು ಬಾಟಲಿಯ ದುಡ್ಡಿಗೆ ಎರಡು ಮೂಟೆ ಅಕ್ಕಿ!
ನಾಸಿಕದ್ದು ಹನ್ನೆರಡು, ಚಿಲಿ ಆರು, ಇದು ಎರಡೇ ಎರಡು.
ಸೀಮೆಎಣ್ಣೆ ವಾಪಸು.

ಐದಕ್ಕೆ ಶಟರ್ ಎತ್ತಿದರೆ ಸಾವಂತ್ ಕಾಕಾ ಹಾಜರು.
ಗಿರಣಿ ಮುಚ್ಚಿದರೂ ಪಾಳಿ ತಪ್ಪಿಸದವರು.
ರಮ್ಮಿನ ಪಕ್ಕ ಬೆರಳಷ್ಟು ಸುರಿದಿಟ್ಟೆ:
ಪರದೇಶದ್ದು, ದುಡ್ಡು ಬೇಡ, ಏನನಿಸ್ತದೆ ಹೇಳಿ.
ಕುಡಿದರು. ಮೀಸೆ ಒರೆಸಿ, ಖಾಲಿ ಗ್ಲಾಸನ್ನೇ ಮತ್ತೆ ಮೂಸಿದರು.
"ಪೇಜ್! ಮಾಲವಣದಲ್ಲಿ ಅಜ್ಜಿ ಬಸಿದಿಡುತ್ತಿದ್ದ ಪೇಜ್.
ಇದಕ್ಕೆ ಉಪ್ಪಿನಕಾಯಿ ಎಲ್ಲಿ?"
ಎಂದವರೇ ತಮ್ಮ ರಮ್ಮಿಗೆ ತಿರುಗಿದರು.

ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಾನೆ ಮೋನಪ್ಪ.
ಬರಿ: ಜೊತೆಗೆ ಮಾವಿನ ಮಿಡಿ, ಫ್ರೀ.
ಗಲ್ಲಾದ ಚಿಲ್ಲರೆಯ ಕೆಳಗೆ ನನ್ನ ಪರ್ಮಿಟ್ ಇದೆ.
ರಾತ್ರಿ ಹನ್ನೆರಡಕ್ಕೆ
ಇನ್ನೂ ಏಳು ತಾಸು.