ಪೊಡಿಯಬ್ಬ ಕೇಳಿದ ಲೆಕ್ಕ

ಜುಬೈಲಿನ ಈ ಆಸ್ಪತ್ರೆಯಲ್ಲಿ ನನ್ನ ಕಿಟಕಿ ಅಂಗೈಯಗಲ.
ಅದರೊಳಗೆ ಕೈಗಳು ಬರುತ್ತವೆ: ರಕ್ತದ ಟ್ಯೂಬು,
ಮುಚ್ಚಳ ಬಿಗಿದ ಡಬ್ಬಿ, ಕಂಪನಿಯ ಕಾರ್ಡು.
ಮುಖ ನೋಡುವುದು ಕಡಿಮೆ.
ನಿನ್ನೆ ಪೊಡಿಯಬ್ಬ ಡಬ್ಬಿ ಕೊಟ್ಟು ಹೋಗಲಿಲ್ಲ.
ನಿಂತರು.

ಮೂರನೇ ನಂಬರ್ ಕ್ಯಾಂಪಿನ ಮೆಸ್ಸಿನವರು.
ಇಪ್ಪತ್ತಾರು ವರ್ಷ ನಾನೂರು ಜನಕ್ಕೆ ಪರೋಟ ಬೀಸಿದ ಕೈ,
ಮೊಣಕೈವರೆಗೆ ಎಣ್ಣೆ ಸಿಡಿದ ಚುಕ್ಕಿ,
ಯಾರೋ ಅರ್ಧಕ್ಕೆ ಬಿಟ್ಟ ಹಚ್ಚೆ.
ಕಳೆದ ತಿಂಗಳು ಪಿತ್ತಕೋಶ ತೆಗೆದರು.
ಕಲ್ಲುಗಳನ್ನು ಬಾಟಲಿಯಲ್ಲಿ ಹಾಕಿ ಕೊಟ್ಟರಂತೆ.
"ಒಂದು ಮಣಿಸರಕ್ಕೆ ಸಾಕು, ಬಾಯಮ್ಮ."

ಆಮೇಲೆ ಕೇಳಿದರು:
"ಇಷ್ಟು ವರ್ಷ ತಿಂದ ಎಣ್ಣೆ ಎಲ್ಲಿಗೆ ಹೋಯ್ತು?
ಮೈ ನೋಡಿ, ಬರೀ ಎಲುಬು."

ಹಿಂದೆ ಸಾಲಿತ್ತು. ಆದರೂ ಹೇಳತೊಡಗಿದೆ.

ಎಣ್ಣೆಯೆಂದರೆ ಸರಪಳಿ.
ನೀವು ಸುರಿಯುವ ಸೂರ್ಯಕಾಂತಿಯದ್ದು ಎರಡು ಕಡೆ ಬಾಗಿರುತ್ತದೆ,
ಬಾವಿಕಟ್ಟೆಯಲ್ಲಿ ಕೊಡ ಎತ್ತುವವಳ
ಸೊಂಟ ಒಮ್ಮೆ, ಮೊಣಕಾಲು ಒಮ್ಮೆ.
ಪಿತ್ತ ಅದನ್ನು ಒಡೆದು ಇಬ್ಬನಿ ಮಾಡುತ್ತದೆ.
ಈಗ ಚೀಲವಿಲ್ಲ, ಲಿವರಿನಿಂದ ನೇರ ಹನಿ ಹನಿ.
ಹೆಚ್ಚಿನದ್ದನ್ನು ಕರುಳು ಹೀರಿ ನಿಮ್ಮ ಒಲೆಗೇ ಹಾಕಿತು:
ಬೆಳಗಿನ ಜಾವ ಮೂರಕ್ಕೆ ಎದ್ದ ಕಾಲು, ಹಿಟ್ಟು ನಾದಿದ ತೋಳು.
ಚೂರುಪಾರು ಕೆಳಗಿಳಿಯಿತು
ಗಾಳಿಯಾಡದ ಓಣಿಗೆ.

ಅಲ್ಲಿದ್ದಾರೆ ಅವರು.
ಅವು ಅನ್ನಬೇಕಿತ್ತು. ಬಾಯಿಗೆ ಬಂದದ್ದು ಅವರು.

ಒಂದು ಜಾತಿ, ಉಪ್ಪುನೀರಿನ ಹಲಸಿನ ಭರಣಿಯಲ್ಲೂ ಬೆಳೆಯುವಂಥದು,
ಸರಪಳಿಯ ಬಾಗಿದ ಗೆಣ್ಣು ಹಿಡಿದು
ಒಂದೇ ಒಂದು ಹನಿ, ಹನಿಯೂ ಅಲ್ಲ,
ನೀರಿನ ಒಂದೇ ಅಣು ಕೂರಿಸುತ್ತದೆ.
ಇನ್ನೊಂದು ಬಂದು ಜಲಜನಕ ತುರುಕಿ
ಬೆನ್ನು ನೆಟ್ಟಗೆ ಮಾಡುತ್ತದೆ.

ಎಣ್ಣೆ ನೀರು ಬೆರೆಯದೆಂದು ಶಾಲೆಯಲ್ಲಿ ಬಾಯಿಪಾಠ.
ಈ ಊರೋ, ಎಣ್ಣೆ ಸುಟ್ಟು ಕಡಲಿಂದ ಸಿಹಿನೀರು ತೆಗೆಯುತ್ತದೆ;
ನನ್ನ ಕೋಣೆಯಿಂದ ಕಾಣುವುದು ಆ ಚಿಮಣಿಗಳು ಮಾತ್ರ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಮನೆ ನಮ್ಮದು:
ಎಪ್ಪತ್ತೈದರಲ್ಲಿ ಅಪ್ಪ, ಬಿಸಿಲಿಗೆ ಹೆದರಿ,
ಬಂದ ವೀಸಾವನ್ನು ಭಾವನಿಗೆ ಕೊಟ್ಟರು.
ಇದನ್ನು ಪೊಡಿಯಬ್ಬನಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟೇ:
ನಿಮ್ಮೊಳಗೆ ಬೆಂಕಿಯಿಲ್ಲ, ಚಿಮಣಿಯಿಲ್ಲ,
ಎಣ್ಣೆಯ ಮೈಗೇ ನೀರು ಸೇರುತ್ತಿದೆ.

"ನನಗೋಸ್ಕರವಾ?"

ಹೌದು ಅನ್ನಬಹುದಿತ್ತು.
ಇಲ್ಲ ಮಾರಾಯ್ರೇ. ಬಾಗಿದ ಎಣ್ಣೆ ಅವಕ್ಕೆ ವಿಷ,
ತೊಟ್ಟ ಪೊರೆಯನ್ನೇ ಸಡಿಲಿಸುತ್ತದೆ.
ತಮ್ಮ ಜೀವ ಉಳಿಸಿಕೊಳ್ಳಲು ಮಾಡುವ ಕೆಲಸ.
ಮಾಡಿ ಬಿಸಾಡಿದ್ದು ಕರುಳ ಗೋಡೆಗೆ ಗಾರೆಯಾಗುತ್ತದಂತೆ.
ಇಲಿಗಳಲ್ಲಿ ನೋಡಿದ್ದಾರೆ.
ನಿಮ್ಮಲ್ಲಿ ಹೇಗೋ, ನನಗೆ ತಿಳಿಯದು.

ಸಾಲಿನಲ್ಲಿದ್ದ ಬಂಗಾಳಿ ಹುಡುಗ ಕೆಮ್ಮಿದ.
"ಹೊಟ್ಟೆಪಾಡು," ಅಂದರು ಪೊಡಿಯಬ್ಬ ಕೊನೆಗೆ,
"ಅವರದ್ದೂ."
ಬಾಗಿಲವರೆಗೆ ಹೋಗಿ ತಿರುಗಿದರು.
"ಎಷ್ಟು ಮಂದಿ?"
ಲೆಕ್ಕಕ್ಕೆ ಸಿಗುವುದಿಲ್ಲ ಅಂದೆ.
"ಛೆ. ಮೆಸ್ಸಿನ ಬಿಲ್ಲಲ್ಲಿ ನಾನೂರೇ ಬರೆದದ್ದು."

ಚೀಟಿ ಅಂಟಿಸಿದೆ: ಹೆಸರು, ವಯಸ್ಸು, ಕಂಪನಿ.
ಡಬ್ಬಿ ಇನ್ನೂ ಬೆಚ್ಚಗಿತ್ತು.