ಅರವಟ್ಟಿಗೆ

ಶಾರ್ಜಾ, ಆಗಸ್ಟ್, ರಾತ್ರಿ ಹನ್ನೊಂದೂವರೆ.
ಹಗಲಿಡೀ ಯಾರದೋ ಛಾವಣಿಯಲ್ಲಿ ಎಸಿ ಬಿಚ್ಚಿ
ಕೈಗಿನ್ನೂ ಗ್ರೀಸಿನ ವಾಸನೆ. ಮೇಲಿನ ಬಂಕಿನಲ್ಲಿ
ಕಾಲು ಮಡಚಿ ಲ್ಯಾಪ್‌ಟಾಪ್ ತೆರೆದರೆ
ಮಸ್ಕತ್ತಿನ ಹೊಲಿಗೆಯಂಗಡಿಯಿಂದ ಸಿಪ್ರಿಯನ್ ಲೋಬೊ:

‘ನಿಮ್ಮ ಲೆಕ್ಕದ ಪುಸ್ತಕ ಬೈಸಾ ನುಂಗುತ್ತಿದೆ.
ಮೂರು ದಿನದಿಂದ ಉತ್ತರವಿಲ್ಲ. ಇದೇನಾ ವೃತ್ತಿಪರತೆ?
ನಾಳೆ ಅಂಗಡಿ ತೆರೆಯುವುದರೊಳಗೆ ಸರಿಯಾಗಬೇಕು.
ನಿಮ್ಮ ಮೇಲಿನವರ ನಂಬರ್ ಕೊಡಿ.’

ನನ್ನ ಮೇಲೆ ಸೀಲಿಂಗು. ಅದರ ಮೇಲೆ ನೀರಿನ ಟ್ಯಾಂಕು.

ಹಗಲಿನ ಬೈಗುಳಕ್ಕೆ ಸಂಬಳವುಂಟು.
ನೀಲಿ ಅಂಗಿಯ ಜೇಬಿನ ಮೇಲೆ ಹೆಸರು ಹೊಲಿದಿದೆ.
ಯೆಸ್ ಸಾರ್, ಸಾರಿ ಮೇಡಂ, ಹತ್ತೇ ನಿಮಿಷ ಮೇಡಂ:
ಅದು ಸಾವಿರದ ಎಂಟುನೂರು ದಿರ್ಹಮಿನ ಬಾಯಿ.
ಇದು? ಮೂರು ವರ್ಷದ ಶುಕ್ರವಾರಗಳನ್ನೆಲ್ಲ ಸುರಿದು
ಮೊಯ್ದಿನಬ್ಬನ ಕಿರಾಣಿಗೆಂದು ಬರೆದದ್ದು,
ಯಾರಾದರೂ ಒಯ್ಯಲಿ, ತಿದ್ದಲಿ ಎಂದು ತೆರೆದಿಟ್ಟದ್ದು.
ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ
ಎಂದು ಟೈಪಿಸಿದೆ. ಕಳಿಸುವ ಗುಂಡಿಯ ಮೇಲೆ ಬೆರಳು.
ಆಮೇಲೆ ಹೊಳೆಯಿತು: ಅವನು ದರ್ಜಿ,
ಮೊಳ ಹಾಕುವುದೇ ಅವನ ಕೆಲಸ.
ನಗು ಬಂತು. ಕಳಿಸಲಿಲ್ಲ.
ನಿದ್ದೆಯೂ ಬರಲಿಲ್ಲ.

ಮರುದಿನ ಉಮ್ಮ್ ಗಾನಿಮಳ ಫೋನು.
ಅವಳ ಗೋಡೆಯ ಹೊರಗೆ, ಬೀದಿಗೆ ಮುಖ ಮಾಡಿ
ಮೂರು ನಲ್ಲಿಯ ಸ್ಟೀಲ್ ಕೂಲರು.
ತೀರಿಹೋದ ಮಗಳ ಹೆಸರಿನ ಸಬೀಲು;
ನಮ್ಮ ಕಡೆ ಅರವಟ್ಟಿಗೆ ಅನ್ನುತ್ತೇವಲ್ಲ, ಅದು.
ಡೆಲಿವರಿ ಹುಡುಗನೊಬ್ಬ ಹೆಲ್ಮೆಟ್ಟಿನಿಂದ ಗೇಟು ಗುದ್ದಿ
‘ಇದು ನೀರಾ, ಚಹಾನಾ?’ ಎಂದು ಕೂಗಿ ಹೋದನಂತೆ.
ಫ್ಯಾನು ಮರಳು ತಿಂದು ನಿಂತಿತ್ತು. ಬಿಚ್ಚಿದೆ, ಊದಿದೆ,
ಕೆಪಾಸಿಟರ್ ಬದಲಿಸಿದೆ. ಅರ್ಧಂಬರ್ಧ ಅರಬಿಯಲ್ಲಿ ಕೇಳಿದೆ,
ಪುಕ್ಕಟೆ ಕುಡಿಯುವವನಿಗೆ ಇಷ್ಟು ಜೋರೇ, ಸಿಟ್ಟು ಬರಲಿಲ್ಲವೇ?
‘ಬಂತು. ಆಮೇಲೆ ನಾನೂ ಒಂದು ಲೋಟ ಹಿಡಿದು ಕುಡಿದೆ.
ಬಿಸಿಯಿತ್ತು.’
ಬೇಡವೆಂದರೂ ನೂರು ದಿರ್ಹಮ್ ಜೇಬಿಗೆ ತುರುಕಿದಳು:
ಪುಣ್ಯ ನನ್ನದು, ದುಡಿಮೆ ನಿನ್ನದು.

ರಾತ್ರಿ ಹುಡುಕಿದೆ. ಸಿಕ್ಕಿತು.
ದಿರ್ಹಮಿಗೆ ದಶಾಂಶದ ಎರಡು ಮನೆ, ಒಮಾನಿನ ರಿಯಾಲಿಗೆ ಮೂರು.
ಮೂರನೆಯ ಮನೆಗೆ ನಾನು ಬಾಗಿಲೇ ಇಟ್ಟಿರಲಿಲ್ಲ.
ಅಂಗಿಯೊಂದಕ್ಕೆ ನೂರಿಪ್ಪತ್ತೈದು ಬೈಸಾ ಕಾಜಾದ ಕೂಲಿ,
ಐದೈದು ಬೈಸಾ ಸಡಿಲ ಗುಂಡಿಯ ಹಾಗೆ ಉದುರಿ
ನಾನೂರು ಅಂಗಿಗೆ ಎರಡು ರಿಯಾಲು,
ನಾನು ನೋಡಿರದ ಯಾವನೋ ಹುಡುಗನದು.

ಬೆಳಗಿನ ಜಾವ ಮೂರಕ್ಕೆ ಬರೆದೆ:
‘ಲೋಬೊ ಅವರೆ, ಬೈಸಾ ವಿಷಯದಲ್ಲಿ ನೀವೇ ಸರಿ.
ಹೊಸ ಪ್ರತಿ ಇಳಿಸಿಕೊಳ್ಳಿ. ಹುಡುಗನ ಬಾಕಿ ಕೊಟ್ಟುಬಿಡಿ.
ನನ್ನ ಮೇಲೆ ಯಾರೂ ಇಲ್ಲ; ಕೆಳಗಿನ ಬಂಕಿನಲ್ಲಿ ಒಬ್ಬನಿದ್ದಾನೆ,
ಸ್ಕ್ರೀನಿನ ಬೆಳಕಿಗೆ ಗೊಣಗುತ್ತಾನೆ.
ಇನ್ನು ಬೈಯುವುದಿದ್ದರೆ ದಯವಿಟ್ಟು ಶುಕ್ರವಾರ ಬೈಯಿರಿ.’

ಉತ್ತರ ಬಂದಿಲ್ಲ.

ಸಂಜೆ ಆ ಬೀದಿಯಲ್ಲೇ ಹಾದೆ. ಬೈಕು ನಿಲ್ಲಿಸಿ
ಹೆಲ್ಮೆಟ್ಟು ನೆತ್ತಿಗೇರಿಸಿ ಒಬ್ಬ ಕುಡಿಯುತ್ತಿದ್ದ.
ಅವನೇ ಇರಬೇಕು, ಅಲ್ಲದೆಯೂ ಇರಬಹುದು.
ಬಾಟಲಿ ತುಂಬಿಸಿದ, ಮುಚ್ಚಳ ಬಿಗಿದ, ಗೋಡೆಯತ್ತ ನೋಡದೆ ಹೋದ.
ನಡುವಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ತಿರುಗಿಸಿದೆ, ನಿಲ್ಲಲಿಲ್ಲ.
ವಾಷರು ಬದಲಿಸಬೇಕು.